ಕಸಿಗಂಟಿನ ಕೆಳಗೆ

ಸೋಮವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವನು ಎರಡೂ ಕೈಯಿಂದ ಒಂದು ಮಣ್ಣಿನ ಕುಂಡ ಹಿಡಿದಿದ್ದ. ಜ್ವರದ ಮಗುವನ್ನು ಆಸ್ಪತ್ರೆಗೆ ತಂದವರ ಹಾಗೆ ಅದನ್ನು ಎದೆಗೆ ಅವಚಿಕೊಂಡಿದ್ದ. ಮೇಜಿನ ಮೇಲಿದ್ದ ಠಾಣಾ ದಿನಚರಿಯನ್ನು ಮೊಣಕೈಯಿಂದಲೇ ಪಕ್ಕಕ್ಕೆ ಸರಿಸಿ ಕುಂಡ ಇಟ್ಟ. ತುಂಬಿದ ಮಣ್ಣಿನ ನಡುವೆ ಹೆಬ್ಬೆರಳು ಗಾತ್ರದ, ಮೂರಂಗುಲ ಎತ್ತರದ ಒಂದು ಮೋಟು. ಪಕ್ಕದಲ್ಲಿ ನೆಟ್ಟ ಒಂದು ತಗಡಿನ ಪಟ್ಟಿ. ಅಷ್ಟೇ.

ದಫೇದಾರ ಕನ್ನಡಕ ಏರಿಸಿಕೊಂಡು ನೋಡಿದ.

"ಗಿಡ ಎಲ್ಲಿ?"

"ಅದಕ್ಕೇ ಬಂದಿದ್ದು."

ಬಂದವನು ಊರಾಚೆಯ ಸಸ್ಯಕ್ಷೇತ್ರದ ಮಾಲೀಕ. ಜಪಾನಿ ಮೇಪಲ್ ಬಿಟ್ಟು ಬೇರೆ ಗಿಡ ಮಾರುವವನಲ್ಲ. ಅಂಗಳದಲ್ಲಿ ನೆಡುವಂಥವು, ಕುಂಡದಲ್ಲೇ ಬಾಳುವ ಕುಳ್ಳ ತಳಿಗಳು, ಎಲೆ ಎಳೆಎಳೆಯಾಗಿ ಸೀಳಿ ಇಳಿಬೀಳುವಂಥವು, ಎಲೆ ಉದುರಿದ ಮೇಲೆ ತೊಗಟೆಯೇ ಹವಳದ ಬಣ್ಣಕ್ಕೆ ತಿರುಗುವಂಥವು. ಕೇಳಿದರೂ ಕೇಳದಿದ್ದರೂ ಇಷ್ಟನ್ನು ಹೇಳಿಯೇ ಅವನು ಕುರ್ಚಿಯಲ್ಲಿ ಕೂತ. ಅವನ ಒಂದು ತಳಿಯ ಮೂವತ್ತಾರು ಗಿಡಗಳನ್ನೂ ಯಾರೋ ಕತ್ತರಿಸಿ ಹಾಕಿದ್ದರು.

ಸದ್ದು ಕೇಳಿ ಇನ್ಸ್‌ಪೆಕ್ಟರ್ ಒಳಗಿನ ಕೋಣೆಯಿಂದ ಬಂದಳು. ಹದಿನೇಳು ವರ್ಷದ ನೌಕರಿಯಲ್ಲಿ ಹೆಣ, ಹಣ, ಹಸು ಎಲ್ಲದರ ಬಗ್ಗೆಯೂ ದೂರು ಬರೆದುಕೊಂಡವಳು. ಮೋಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಸಿಯಾಗಿತ್ತು.

"ಇದು ಸತ್ತಿಲ್ಲ. ಮತ್ತೆ ಚಿಗುರಲ್ವ?"

"ಚಿಗುರತ್ತೆ ಮೇಡಂ. ಅದೇ ನನ್ನ ಗೋಳು. ಚಿಗುರೋದು ನನ್ನ ಗಿಡ ಅಲ್ಲ."

ಮಾಲೀಕ ಜೇಬಿನಿಂದ ಪೆನ್ನು ತೆಗೆದು ತೋರಿಸಿದ. ಈ ಗಿಡ ನೋಡಲು ಒಂದು, ಒಳಗೆ ಎರಡು. ಕೆಳಗಿನ ಬೇರು ಮತ್ತು ಬುಡ ಬೀಜದಿಂದ ಎದ್ದ ಮಾಮೂಲಿ ಹಸಿರು ಮೇಪಲ್. ಮೇಲಿನದು ಆರಿಸಿದ ತಳಿಯ ಕಡ್ಡಿ. ಎರಡನ್ನೂ ಜೋಡಿಸಿ ಕಟ್ಟಿದ ಜಾಗದಲ್ಲಿ ಒಂದು ಗಂಟು ಬೆಳೆಯುತ್ತದೆ, ಅದು ಕಸಿಗಂಟು.

"ಗಂಟಿನ ಮೇಲೆ ಒಂದು ಬೆರಳು ಬಿಟ್ಟು ಕತ್ತರಿಸಿದ್ರೂ ನನ್ನ ತಳಿ ಉಳೀತಿತ್ತು. ಕೆಳಗೆ ಕತ್ತರಿಸಿದಾರೆ. ಮೂವತ್ತಾರೂ ಕೆಳಗೇ. ಇನ್ನು ಬರೋದೆಲ್ಲ ಬರೀ ಹಸಿರು."

"ಇದೇ ತಳಿ ಬೇರೆ ಕಡೆ ಸಿಗಲ್ವ?"

"ಬೀಜದ ಮಡಿಯಲ್ಲಿ ತಾನಾಗಿ ಹುಟ್ಟಿದ್ದು ಒಂದೇ ಒಂದು. ಆ ತಾಯಿಗಿಡ ಹೋದ ವರ್ಷ ಬೇರು ಕೊಳೆತು ಹೋಯ್ತು. ಭೂಮಿ ಮೇಲೆ ಇದ್ದಿದ್ದು ಈ ಮೂವತ್ತಾರೇ."

ಒಂಬತ್ತು ಹದಿನೈದಕ್ಕೆ ಎಫ್‌ಐಆರ್ ದಾಖಲಾಯಿತು. ಅತಿಕ್ರಮ ಪ್ರವೇಶ, ಆಸ್ತಿ ನಷ್ಟ, ಆರೋಪಿ ಅಪರಿಚಿತ. 'ಕಳವಾದ ವಸ್ತು' ಎಂಬ ಖಾನೆಯ ಮುಂದೆ ದಫೇದಾರ ಬಹಳ ಹೊತ್ತು ಪೆನ್ನು ಹಿಡಿದುಕೊಂಡಿದ್ದು, ಕೊನೆಗೆ 'ಮೂವತ್ತಾರು ಹೆಸರಿನ ಪಟ್ಟಿಗಳು' ಎಂದು ಬರೆದ. ಗಿಡದ ಜೊತೆ ಇದ್ದ ಹೊಸ ಪ್ಲಾಸ್ಟಿಕ್ ಪಟ್ಟಿಗಳು ಮಾತ್ರ ಮಾಯವಾಗಿದ್ದವು.

ಹತ್ತೂವರೆಗೆ ಸ್ಥಳ ಪಂಚನಾಮೆ. ದಫೇದಾರನಿಗೆ ಠಾಣೆಯಲ್ಲಿ ಮಹಜರ್ ಮಾವ ಎಂದು ಹೆಸರು. ಒಂದು ಸೈಕಲ್ ಕಳವಿನ ಮಹಜರಿನಲ್ಲಿ ಗೋಡೆ ಮೇಲೆ ಕೂತಿದ್ದ ಬೆಕ್ಕಿನ ಬಣ್ಣವನ್ನೂ ಬರೆದ ಪುಣ್ಯಾತ್ಮ. ನೆರಳುಬಲೆ ಹೊದಿಸಿದ ಉದ್ದನೆಯ ಶೆಡ್ಡಿನೊಳಗೆ ಅವನು ಕುಂಡ ಎಣಿಸುತ್ತ ಹೋದ. ಚಳಿಗಾಲದ ಕೊನೆಯ ದಿನಗಳು. ಆರುನೂರು ಚಿಲ್ಲರೆ ಗಿಡಗಳಲ್ಲಿ ಒಂದಕ್ಕೂ ಎಲೆಯಿಲ್ಲ, ಎಲ್ಲವೂ ನೆಟ್ಟ ಕಡ್ಡಿಗಳೇ. ಅಷ್ಟರ ನಡುವೆ ಮೂವತ್ತಾರು ಮಾತ್ರ ಕತ್ತರಿಸಿದ್ದವು. ಪಕ್ಕದ ಸಾಲಿನ ಗಿಡಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಎಲೆ ಇಲ್ದೆ ಇದೇ ತಳಿ ಅಂತ ಹೆಂಗೆ ಗೊತ್ತಾಗತ್ತೆ?" ಇನ್ಸ್‌ಪೆಕ್ಟರ್ ಕೇಳಿದಳು.

"ಪಟ್ಟಿ ಓದಿದ್ರೆ ಗೊತ್ತಾಗತ್ತೆ. 'ರಾಜಕುಮಾರಿ' ಅಂತ ಹೋದ ವಾರ ತಾನೇ ಅಚ್ಚು ಹಾಕಿಸಿದ್ದೆ. ಮೊಮ್ಮಗಳನ್ನ ಮನೇಲಿ ಹಾಗೇ ಕರೆಯೋದು. ಮುಂದಿನ ತಿಂಗಳು ಪ್ರದರ್ಶನಕ್ಕೆ ಇಡೋದಿತ್ತು."

"ಈ ತಗಡಿನ ಪಟ್ಟಿ?"

ಪ್ರತಿ ಮೋಟಿನ ಪಕ್ಕದಲ್ಲೂ ಹಳೆಯ ತಗಡಿನ ಪಟ್ಟಿಯೊಂದನ್ನು ನೆಟ್ಟಿದ್ದರು. ಅದರ ಮೇಲೆ ಮೊಳೆಯಿಂದ ಗೀಚಿದ ದುಂಡು ಅಕ್ಷರ: ಗುಬ್ಬಿ.

"ಹಳೇ ಹೆಸರು. ಕೆಲಸದವರು ತಮಾಷೆಗೆ ಇಟ್ಕೊಂಡಿದ್ದು. ಕಸಕ್ಕೆ ಹಾಕಿಸಿದ್ದೆ, ಯಾರು ತಂದು ಚುಚ್ಚಿದರೋ."

ಕತ್ತರಿಸಿದ ಮೇಲ್ಭಾಗಗಳು ಬಲಗಡೆಯ ಕಟ್ಟೆಯ ಮೇಲಿದ್ದವು. ಎಲ್ಲದರ ತುದಿಯೂ ಒಂದೇ ಕಡೆಗೆ, ಜೋಪಾನವಾಗಿ ಮಲಗಿಸಿದಂತೆ. ಅವುಗಳ ಮೇಲೆ ಒದ್ದೆ ಗೋಣಿತಾಟು ಮುಚ್ಚಿತ್ತೆಂದೂ, ತಾನೇ ಗಾಬರಿಯಲ್ಲಿ ಎಳೆದು ಬಿಸಾಡಿದೆನೆಂದೂ ಮಾಲೀಕ ಹೇಳಿದ. 'ಕೃತ್ಯವನ್ನು ಮರೆಮಾಚಲು ಬಳಸಿದ ಗೋಣಿತಾಟು ಒಂದು, ಒದ್ದೆ' ಎಂದು ಮಹಜರ್ ಮಾವ ಬರೆದುಕೊಂಡ. ಇನ್ಸ್‌ಪೆಕ್ಟರ್ ಅದನ್ನು ಓದಿ ತಲೆಯಾಡಿಸಿ ಸಹಿ ಹಾಕಿದಳು. ಆ ಸಹಿಯನ್ನು ಆಮೇಲೆ ಎಷ್ಟು ಸಲ ನೆನೆದುಕೊಂಡಳೋ ಲೆಕ್ಕವಿಲ್ಲ.

"ಮೇಡಂ, ಆ ಕಡ್ಡಿಗಳನ್ನ ನಂಗೆ ಬಿಟ್ಬಿಡಿ," ಮಾಲೀಕ ಹಿಂದೆಯೇ ಬಂದ. "ಇನ್ನೂ ಜೀವ ಇದೆ. ಇನ್ನೊಂದು ಬುಡಕ್ಕೆ ಕಸಿ ಮಾಡಿದ್ರೆ ತಳಿ ಉಳಿಯತ್ತೆ. ತಣ್ಣಗೆ ಒದ್ದೆಯಾಗಿ ಇಟ್ರೆ ತಿಂಗಳು ಬಾಳ್ತವೆ, ಒಣಗಿದ್ರೆ ವಾರದಲ್ಲಿ ಸೌದೆ."

"ಕಸಿ ಮಾಡೋರು ಯಾರು?"

"ಕಸಿಯಮ್ಮ. ಇಪ್ಪತ್ತೆರಡು ವರ್ಷದಿಂದ ಇಲ್ಲಿರೋರು. ಇವತ್ತು ಮೈ ಸರಿಯಿಲ್ಲ ಅಂತ ಬಂದಿಲ್ಲ. ನಂಗೆ ಮಾರೋದು ಗೊತ್ತೇ ಹೊರತು ಚಾಕು ಹಿಡಿಯೋದು ಗೊತ್ತಿಲ್ಲ."

"ಕತ್ತರಿಸಿದ ಗುರುತು ಕಡ್ಡಿ ಮೇಲಿದೆ. ಲ್ಯಾಬಿಗೆ ಕಳಿಸಬೇಕು. ಇದು ಸಾಕ್ಷ್ಯ, ಸರ್. ನಾನು ಬಿಟ್ಟುಕೊಟ್ರೆ ನಾಳೆ ಕೇಸೇ ಇರಲ್ಲ."

"ಹಾಗಾದ್ರೆ ಭದ್ರವಾಗಿ ಇಡಿ."

"ಭದ್ರವಾಗೇ ಇಡ್ತೀವಿ."

ಇಬ್ಬರೂ ಒಂದೇ ಮಾತು ಆಡಿದರು, ಇಬ್ಬರಿಗೂ ಸಮಾಧಾನವಾಯಿತು. ಗಿಡದವರ ಬಾಯಲ್ಲಿ ಭದ್ರ ಎಂದರೆ ತಂಪು, ಕತ್ತಲೆ, ತೇವ. ಪೊಲೀಸರ ಬಾಯಲ್ಲಿ ಅದರ ಅರ್ಥ ಬೇರೆ. ಆರು ವರ್ಷದ ಹಿಂದೆ ಇದೇ ಇನ್ಸ್‌ಪೆಕ್ಟರ್ ಒಂದು ಕೊಲೆ ಕೇಸಿನಲ್ಲಿ ರಕ್ತದ ಅಂಗಿಯನ್ನು ಹಸಿಯಾಗಿಯೇ ಕವರಿಗೆ ಹಾಕಿ ಮೊಹರು ಒತ್ತಿದ್ದಳು. ಲ್ಯಾಬಿನಲ್ಲಿ ತೆರೆದಾಗ ಬೂಸ್ಟು ಹಿಡಿದು ಏನೂ ಉಳಿದಿರಲಿಲ್ಲ. ಕೊಂದವನು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ತಲೆ ಬಾಚಿಕೊಂಡು ಮನೆಗೆ ಹೋದ. ಸತ್ತ ಹುಡುಗನ ತಾಯಿ ಅವಳ ಎದುರು ಬಂದು ನಿಂತು, "ನನ್ನ ಮಗನ ರಕ್ತ ನಿಮ್ಮ ಕೈಯಲ್ಲಿ ಕೊಳೀತಲ್ಲಮ್ಮ" ಎಂದಷ್ಟೇ ಹೇಳಿದ್ದಳು. ಅಂದಿನಿಂದ ಅವಳ ಠಾಣೆಯಲ್ಲಿ ಒಂದು ಕಟ್ಟಪ್ಪಣೆ: ಹಸಿ ಮಾಲು ಏನೇ ಇರಲಿ, ಪೂರ್ತಿ ಒಣಗಿಸಿಯೇ ಮೊಹರು.

ಮೂವತ್ತಾರು ಕಡ್ಡಿಗಳನ್ನು ವಶಪಡಿಸಿಕೊಂಡ ವಸ್ತು ಇಡುವ ಮುದ್ದೆಮಾಲು ಕೋಣೆಯಲ್ಲಿ ಕಾಗದ ಹಾಸಿ ಹರಡಿದರು. ಎರಡು ದಿನ, ಎರಡು ಫ್ಯಾನು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಟ್ಟೆ ಸುತ್ತಿ, ದಾರ ಕಟ್ಟಿ, ಅರಗು ಕಾಯಿಸಿ ಮೊಹರು ಒತ್ತಿದರು. ಚೆಂದದ ಕೆಲಸ, ತಪ್ಪು ಹುಡುಕಲು ಯಾವ ವಕೀಲನಿಂದಲೂ ಆಗುತ್ತಿರಲಿಲ್ಲ. ಮಾಲೀಕ ತಂದಿದ್ದ ಕುಂಡ ಮಾತ್ರ ಮೊಹರು ಹಾಕುವ ಗಾತ್ರದ್ದಲ್ಲ ಎಂದು ಕಿಟಕಿಯ ಬಳಿಯೇ ಉಳಿಯಿತು.

ತನಿಖೆಯ ಮೊದಲ ಎರಡು ದಿನ ಮಾಲೀಕನ ಅನುಮಾನದ ಹಿಂದೆ ನಾಯಿಯ ಹಾಗೆ ಓಡಾಡಿದ್ದೇ ಆಯಿತು. ನದಿಯಾಚೆ ಇನ್ನೊಂದು ಸಸ್ಯಕ್ಷೇತ್ರವಿತ್ತು, ಅದರವನಿಗೂ ಇವನಿಗೂ ಹಾವು ಮುಂಗುಸಿ. ಮಹಜರ್ ಮಾವ ಹೋಗಿ ನೋಡಿದರೆ ಆ ಮನುಷ್ಯ ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ವಾರದಿಂದ ಕಪ್ಪು ಕನ್ನಡಕ ಹಾಕಿ ಮಲಗಿದ್ದ. "ಅವನ ಗಿಡ ಕತ್ತರಿಸೋಕೆ ನಂಗೆ ಕಣ್ಣು ಕಾಣಬೇಕಲ್ಲಪ್ಪ" ಎಂದನಂತೆ.

ಗುರುವಾರ ಸಂಜೆ ಇನ್ಸ್‌ಪೆಕ್ಟರ್ ಕಡತವನ್ನು ಮೊದಲಿನಿಂದ ಓದಿದಳು. ಶೆಡ್ಡಿನ ಬೀಗ ಒಡೆದಿರಲಿಲ್ಲ. ಬೀಗದಕೈ ಮೂರು: ಮಾಲೀಕನ ಹತ್ತಿರ, ಕಾವಲುಗಾರನ ಹತ್ತಿರ, ಕಸಿಯಮ್ಮನ ಹತ್ತಿರ. ಕಾವಲುಗಾರನ ಹೇಳಿಕೆ ಎರಡೇ ಸಾಲು: 'ಭಾನುವಾರ ಕೆಲಸದವರಿಗೆ ರಜೆ ಇತ್ತು. ಹೊರಗಿನವರು ಯಾರೂ ಬಂದಿಲ್ಲ.' ಆ ಎರಡನೆಯ ಸಾಲನ್ನು ಅವಳು ಮೂರು ಸಲ ಓದಿದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವನನ್ನು ಮತ್ತೆ ಕೂರಿಸಿದಳು.

"ಹೊರಗಿನವರು ಬಂದಿಲ್ಲ ಅಂದ್ರಿ."

"ಬಂದಿಲ್ಲ."

"ಒಳಗಿನವರು?"

"ಅದನ್ನ ನೀವು ಕೇಳ್ಲೇ ಇಲ್ವಲ್ಲ."

"ಈಗ ಕೇಳ್ತಿದೀನಿ."

"ಕಸಿಯಮ್ಮ ಬಂದಿದ್ರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇದ್ರು. ಪ್ರತಿ ಭಾನುವಾರ ಬರ್ತಾರೆ, ಗಿಡಕ್ಕೆ ನೀರು ನೋಡೋಕೆ. ಅವರೇನು ಹೊರಗಿನವರಾ?"

ಹನ್ನೊಂದು ಗಂಟೆಗೆ ಕಸಿಯಮ್ಮ ಠಾಣೆಗೆ ಬಂದಳು. ಐವತ್ತೈದರ ಸುಮಾರು, ಸಣ್ಣ ಆಳು. ಬಲಗೈಯ ಹೆಬ್ಬೆರಳಿನ ಮೇಲೆ ಚಾಕುವಿನ ಹಳೆಯ ಗಾಯದ ಗೆರೆಗಳು ಒಂದರ ಮೇಲೊಂದು ಬಿದ್ದು ಚರ್ಮ ಗಟ್ಟಿಯಾಗಿತ್ತು. ಕರೆದಿದ್ದೇಕೆ ಎಂದು ಅವಳು ಕೇಳಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಕಿಟಕಿಯ ಬಳಿಯ ಕುಂಡವನ್ನು ನೋಡಿದಳು, ಎದ್ದು ಹೋಗಿ ಮಣ್ಣಿಗೆ ಬೆರಳು ಚುಚ್ಚಿ ನೋಡಿ ಬಂದು ಮತ್ತೆ ಕೂತಳು.

"ಭಾನುವಾರ ಶೆಡ್ಡಿಗೆ ಹೋಗಿದ್ರಾ?"

"ಹೋಗಿದ್ದೆ."

"ಏನು ಮಾಡಿದ್ರಿ?"

"ಆ ಕಡ್ಡಿಗಳು ಎಲ್ಲಿವೆ ಅಮ್ಮ? ಒದ್ದೆ ಇದೆಯಾ?"

ಇನ್ಸ್‌ಪೆಕ್ಟರ್ ತಲೆ ಎತ್ತಿದಳು. ಐದು ದಿನದಿಂದ ಇಪ್ಪತ್ತು ಜನರನ್ನು ಕೇಳಿದ್ದಳು. ಯಾರು ಕತ್ತರಿಸಿದರು, ನಷ್ಟ ಎಷ್ಟು, ಯಾರ ಮೇಲೆ ಅನುಮಾನ ಎಂದು ಎಲ್ಲರೂ ಮಾತಾಡಿದ್ದರು. ಕಡ್ಡಿಗಳ ಕ್ಷೇಮ ವಿಚಾರಿಸಿದವಳು ಇವಳೊಬ್ಬಳೇ. ಸಿಕ್ಕಳು ಎಂದುಕೊಂಡಳು ಇನ್ಸ್‌ಪೆಕ್ಟರ್. ಆ ಕ್ಷಣದಲ್ಲಿ ಅವಳಿಗೆ ಕೇಳಿಸಿದ್ದು ಅಷ್ಟೇ.

"ಯಾಕೆ ಕೇಳ್ತೀರಿ?"

"ಯಜಮಾನ್ರು ಹೇಳಿದ್ರಂತೆ, ಪೊಲೀಸರು ಭದ್ರವಾಗಿ ಇಟ್ಟಿದಾರೆ ಅಂತ."

"ಭದ್ರವಾಗೇ ಇವೆ. ಎರಡು ದಿನ ಫ್ಯಾನ್ ಕೆಳಗೆ ಒಣಗಿಸಿ, ಬಟ್ಟೆ ಸುತ್ತಿ, ಮೊಹರು ಹಾಕಿದೀವಿ."

ಕಸಿಯಮ್ಮ ಎರಡೂ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಮುಂದಕ್ಕೆ ಬಾಗಿದಳು. ಬಿದ್ದಾಳೆಂದು ಮಹಜರ್ ಮಾವ ಎದ್ದು ನಿಂತ.

"ಕತ್ತರಿಸಿದ್ದು ನಾನೇ," ಎಂದಳು. "ಬರ್ಕೊಳ್ಳಿ. ಚಾಕು ನನ್ನ ಚೀಲದಲ್ಲೇ ಇದೆ, ತಗೊಳ್ಳಿ. ಪ್ಲಾಸ್ಟಿಕ್ ಪಟ್ಟಿ ಒಲೆಗೆ ಹಾಕಿದೆ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಮೊದಲು ಆ ಗಂಟು ಬಿಚ್ಚಿ ನೀರಿಗೆ ಹಾಕಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬಿಚ್ಚೋಕೆ ಆಗಲ್ಲ. ಮ್ಯಾಜಿಸ್ಟ್ರೇಟ್ ಅನುಮತಿ ಬೇಕು."

"ಕತ್ತರಿಸಿದ ತುದಿ ತಾನೇ ನಿಮಗೆ ಬೇಕಾಗಿದ್ದು? ಒಂದೊಂದು ಅಂಗುಲ ಇಟ್ಕೊಂಡು ಉಳಿದಿದ್ದು ಕೊಟ್ಟಿದ್ರೆ ಆಗ್ತಿತ್ತಲ್ಲಮ್ಮ."

ಅಷ್ಟು ಸಣ್ಣ ಮಾತು ಮೊದಲ ದಿನ ಯಾರಿಗೂ ಹೊಳೆದಿರಲಿಲ್ಲ. ಮಾಲೀಕನಿಗೆ ಗಾಬರಿ, ಮಹಜರ್ ಮಾವನಿಗೆ ಮಹಜರು, ಇನ್ಸ್‌ಪೆಕ್ಟರಿಗೆ ಆ ಬೂಸ್ಟು ಹಿಡಿದ ಅಂಗಿ.

ಹನ್ನೊಂದು ನಲವತ್ತರಿಂದ ಹನ್ನೆರಡೂವರೆಯವರೆಗೆ ಹೇಳಿಕೆ ಬರೆದುಕೊಂಡರು. ಇನ್ಸ್‌ಪೆಕ್ಟರ್ ಪ್ರಶ್ನೆ ಕಡಿಮೆ ಮಾಡಿದಳು.

"ಗುಬ್ಬಿ ಯಾರು?"

"ನನ್ನ ಮಗಳು."

ಮಗಳೂ ಅಲ್ಲಿಯೇ ಕೆಲಸಕ್ಕಿದ್ದಳು, ಹದಿನೆಂಟರಿಂದ ಇಪ್ಪತ್ತೊಂಬತ್ತರವರೆಗೆ. ಶೆಡ್ಡಿನಲ್ಲಿ ಎಲ್ಲರಿಗೂ ಗುಬ್ಬಿ. ಆರು ವರ್ಷದ ಹಿಂದೆ ಬುಡಕ್ಕೆಂದು ಬೆಳೆಸಿದ ಬೀಜದ ಮಡಿಯಲ್ಲಿ, ಸಾವಿರ ಹಸಿರು ಸಸಿಗಳ ನಡುವೆ, ಎಲೆ ಗುಲಾಬಿಗೆ ತಿರುಗಿ ಅಂಚಿನಲ್ಲಿ ಕಂದು ಚುಕ್ಕೆಯಿದ್ದ ಒಂದನ್ನು ಅವಳು ಕಂಡಳು. ಕಳೆಯ ಜೊತೆ ಕಿತ್ತು ಹೋಗುತ್ತಿದ್ದದ್ದನ್ನು ಟೀ ಕುಡಿಯುವ ಒಡಕು ಲೋಟದಲ್ಲಿ ನೆಟ್ಟು ಬೆಳೆಸಿದಳು. ಅದರ ಕಡ್ಡಿ ತೆಗೆದು ತಾಯಿ ಮೂವತ್ತಾರು ಕಸಿ ಕಟ್ಟಿದಳು, ಮಗಳು ತಗಡು ಕತ್ತರಿಸಿ ಮೊಳೆಯಿಂದ ತನ್ನ ಹೆಸರನ್ನೇ ಗೀಚಿ ನೆಟ್ಟಳು. ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಒಂಬತ್ತು ದಿನ ಆಸ್ಪತ್ರೆ, ಹತ್ತನೆಯ ದಿನ ಮಗಳಿಲ್ಲ.

"ಹೋದ ವಾರ ಯಜಮಾನ್ರು ತಗಡು ಎಲ್ಲ ಕಿತ್ತು ಕಸಕ್ಕೆ ಹಾಕಿಸಿದ್ರು, ನಾನು ಆರಿಸಿ ಇಟ್ಕೊಂಡೆ. ಅವಳ ಕೈಬರಹ ಅಂತ ನನ್ನ ಹತ್ರ ಇರೋದು ಅಷ್ಟೇ. ನಾನು ಹೋಗಿ ಕೇಳಿದೆ, ಗುಬ್ಬಿ ಹೆಸರು ತೆಗೀಬೇಡಿ ಅಂತ. ನಕ್ಕರು."

"ಏನಂದ್ರು?"

"'ಗುಬ್ಬಿಗೆ ಯಾರು ಬೆಲೆ ಕೊಡ್ತಾರೆ' ಅಂದ್ರು."

ಬರೆಯುತ್ತಿದ್ದ ಮಹಜರ್ ಮಾವನ ಪೆನ್ನು ನಿಂತಿತು.

"ಅದಕ್ಕೆ ಕೊಂದು ಹಾಕಿದ್ರಿ."

"ಇಲ್ಲ," ಎಂದಳು ಕಸಿಯಮ್ಮ. ಮೊದಲ ಸಲ ಅವಳ ದನಿ ಗಟ್ಟಿಯಾಯಿತು. "ಕೊಲ್ಲೋದಾದ್ರೆ ಒದ್ದೆ ತಾಟು ಯಾಕೆ ಮುಚ್ತಿದ್ದೆ? ಮೊಗ್ಗು ಊದೋಕೆ ಮುಂಚೆ, ಕಸಿ ಮಾಡೋ ವಾರವೇ ನೋಡಿ ಕತ್ತರಿಸಿದ್ದು. ಬೆಳಗಾದ್ರೆ ಅವರು ನನ್ನ ಕರೆಸಲೇಬೇಕಲ್ಲ. ಆಗ ಹೇಳೋಣ ಅಂತಿದ್ದೆ. ಮೂವತ್ತಾರೂ ಮತ್ತೆ ಕಟ್ಟಿಕೊಡ್ತೀನಿ, ಹೆಸರು ಮಾತ್ರ ಬಿಡಿ ಅಂತ. ಮನೇಲಿ ಕಾಯ್ತಾ ಕೂತಿದ್ದೆ. ಸೋಮವಾರ ಪೂರ್ತಿ. ಆಮೇಲೆ ದಿನಾ."

ಹನ್ನೆರಡೂವರೆಗೆ ಬಂಧನದ ಪತ್ರ ತಯಾರಾಯಿತು. ಒಂದು ಗಂಟೆಗೆ ಇನ್ಸ್‌ಪೆಕ್ಟರ್ ಆರೋಪಿಯನ್ನೂ ಮೊಹರು ತೆರೆಯುವ ಅರ್ಜಿಯನ್ನೂ ಹಿಡಿದು ಕೋರ್ಟಿಗೆ ಹೋದಳು. ಮ್ಯಾಜಿಸ್ಟ್ರೇಟ್ ರಜೆಯಲ್ಲಿದ್ದರು. ಪ್ರಭಾರದವರು ಆರೋಪಿಯ ರಿಮಾಂಡಿಗೆ ಸಹಿ ಹಾಕಿ, ಮಾಲಿನ ವಿಷಯ ನಾಳೆ ನೋಡೋಣ ಎಂದರು. ಅವಳು ಬಾಗಿಲಿನಲ್ಲಿ ಕಾದಳು, ಗುಮಾಸ್ತನ ಮೇಜಿನ ಮುಂದೆ ಕಾದಳು, ಇಷ್ಟು ವರ್ಷ ಜನ ತನ್ನ ಠಾಣೆಯಲ್ಲಿ ಹೇಗೆ ಕಾದಿದ್ದರೋ ಹಾಗೆ ಕಾದಳು. ಕಡ್ಡಿ ಒಣಗುತ್ತಿದೆ ಎಂಬ ಕಾರಣವನ್ನು ತುರ್ತು ಎಂದು ಯಾರಿಗೂ ಒಪ್ಪಿಸಲು ಆಗಲಿಲ್ಲ. ಆದೇಶ ಕೈಗೆ ಬಂದದ್ದು ಶನಿವಾರ ಸಂಜೆ ನಾಲ್ಕು ಮೂವತ್ತೈದಕ್ಕೆ.

ಐದು ಹತ್ತಕ್ಕೆ ಠಾಣೆಯ ಹಿಂದಿನ ಅಂಗಳದಲ್ಲಿ ಪಂಚರ ಎದುರು ಮೊಹರು ಒಡೆದರು. ಮಾಲೀಕ ಬಂದಿದ್ದ. ಪೊಲೀಸ್ ವಶದಲ್ಲಿದ್ದ ಕಸಿಯಮ್ಮನನ್ನು ಕರೆತಂದು ಮೇಜಿನ ಮುಂದೆ ಕೂರಿಸಿದರು. ಬಟ್ಟೆ ಬಿಚ್ಚಿದಾಗ ಕಡ್ಡಿಗಳು ಒಂದಕ್ಕೊಂದು ತಾಗಿ ಪೆನ್ಸಿಲುಗಳ ಹಾಗೆ ಸದ್ದು ಮಾಡಿದವು. ಆ ಸದ್ದು ಕೇಳಿ ಅವಳು ಕಣ್ಣು ಮುಚ್ಚಿಕೊಂಡಳು.

ಆಮೇಲೆ ಒಂದೊಂದನ್ನೇ ಎತ್ತಿ ತೊಗಟೆಯನ್ನು ಉಗುರಿನಿಂದ ಗೀರಿದಳು. ಒಳಗೆ ಹಸಿರಿದ್ದರೆ ಜೀವ. ಕಂದು. ಪಕ್ಕಕ್ಕೆ. ಇನ್ನೊಂದು, ಕಂದು. ಮಹಜರ್ ಮಾವ ಎಣಿಸುತ್ತ ನಿಂತಿದ್ದ. ಹತ್ತರವರೆಗೆ ಗಟ್ಟಿಯಾಗಿ ಎಣಿಸಿದವನು ಆಮೇಲೆ ಬೆರಳು ಮಡಿಸತೊಡಗಿದ.

"ಕಸಿಯಮ್ಮ," ಮಾಲೀಕ ಕರೆದ. "ಗುಬ್ಬಿ ಅಂದ್ರೆ ನಿಮ್ಮ ಮಗಳು ಅಂತ ನಂಗೆ ಗೊತ್ತಿರ್ಲಿಲ್ಲ."

ಅವಳು ಉಗುರು ನಿಲ್ಲಿಸಿದಳು.

"ಎಲೆ ಮೇಲೆ ಕಂದು ಚುಕ್ಕೆ ಇತ್ತಲ್ಲ. ಹಕ್ಕಿ ಅಂದ್ಕೊಂಡೆ. ಗುಬ್ಬಚ್ಚಿ. ಅದಕ್ಕೇ ಹಾಗೆ ಅಂದಿದ್ದು."

"ಹನ್ನೊಂದು ವರ್ಷ ಕೆಲಸ ಮಾಡಿದ್ಲು."

"ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು."

ಕಸಿಯಮ್ಮ ಅವನ ಮುಖವನ್ನು ನೋಡಿದಳು. ಸುಳ್ಳಾಗಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅದು ನಿಜವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗುವಂತಿತ್ತು. ಅವಳು ಒಂದು ಮಾತು ಆಡಿರಲಿಲ್ಲ, ಇವನು ಒಂದು ಮಾತು ಕೇಳಿರಲಿಲ್ಲ. 'ನನ್ನ ಮಗಳು' ಎಂಬ ಎರಡು ಪದ ಅಂದು ಅವಳ ಬಾಯಿಂದ ಬಂದಿದ್ದರೆ ಕುಂಡಗಳು ಇವತ್ತು ಶೆಡ್ಡಿನಲ್ಲಿ ಮೊಗ್ಗು ಊದಿಸಿಕೊಂಡು ನಿಂತಿರುತ್ತಿದ್ದವು. ಎಲ್ಲರಿಗೂ ಗೊತ್ತಿರುವ ಹೆಸರನ್ನು ಬಿಡಿಸಿ ಹೇಳಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಮೂವತ್ತೊಂದನೆಯ ಕಡ್ಡಿಯಲ್ಲಿ, ಒಂದು ಮೊಗ್ಗಿನ ಬುಡದಲ್ಲಿ, ಕೂದಲೆಳೆಯಷ್ಟು ಹಸಿರು ಕಂಡಿತು. ಉಳಿದ ಐದೂ ಕಂದು.

"ಚಾಕು ಕೊಡಿ," ಎಂದಳು.

ಅವಳ ಚಾಕುವಿಗೂ ಮೊಹರು ಬಿದ್ದಿತ್ತು. ಮಹಜರ್ ಮಾವ ಓಡಿಹೋಗಿ ತನ್ನ ಶೇವಿಂಗ್ ಬ್ಲೇಡ್ ತಂದ. ಆರೋಪಿಯ ಕೈಗೆ ಬ್ಲೇಡ್ ಕೊಡಬಾರದೆಂಬ ನಿಯಮ ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಅವಳು ಅತ್ತ ತಿರುಗಿ ನಿಂತಳು, ನೌಕರಿಯಲ್ಲಿ ಅವಳು ತಿಳಿದೂ ಮುರಿದ ಮೊದಲ ನಿಯಮ ಅದು. ಕಿಟಕಿಯ ಬಳಿಯ ಕುಂಡ ಬಂತು. ಕಸಿಯಮ್ಮ ಮೋಟಿನ ತಲೆಯನ್ನು ಸೀಳಿ, ಕಡ್ಡಿಯ ಬುಡವನ್ನು ಓರೆಯಾಗಿ ಸವರಿ, ತೊಗಟೆಗೆ ತೊಗಟೆ ಕೂಡಿಸಿ, ಟೇಪು ಸುತ್ತಿದಳು.

"ಹಿಡಿಯತ್ತಾ?" ಮಹಜರ್ ಮಾವ ಕೇಳಿದ.

"ನೆರಳಲ್ಲಿ ಇಡಿ," ಎಂದಷ್ಟೇ ಹೇಳಿ ಅವಳು ಎದ್ದಳು.

ಮಾಲೀಕ ತಾನೇ ಜಾಮೀನಿಗೆ ನಿಲ್ಲುತ್ತೇನೆಂದು ಬಂದ. ಕಸಿಯಮ್ಮ ಬೇಡವೆಂದಳು. ಬೇರೆ ಯಾರನ್ನಾದರೂ ಕರೆಸಲೇ ಎಂದರೆ, ಮನೆಯಲ್ಲಿ ಏನು ಕೆಲಸವಿದೆ ಎಂದಳು. ಅವಳನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರು. ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶ ಎಂಬ ಕಡೆ ಇನ್ಸ್‌ಪೆಕ್ಟರ್ ಮೊದಲು 'ವೈಯಕ್ತಿಕ ದ್ವೇಷ' ಎಂದು ಬರೆದಳು. ಹೊಡೆದು ಹಾಕಿ 'ಮೃತ ಮಗಳ ಹೆಸರನ್ನು ಉಳಿಸಿಕೊಳ್ಳಲು' ಎಂದು ಬರೆದಳು. ಅದರ ಕೆಳಗೆ ಮಾಲೀಕನ ಹೆಚ್ಚುವರಿ ಹೇಳಿಕೆ: 'ಗುಬ್ಬಿ ಎಂಬುದು ವ್ಯಕ್ತಿಯ ಹೆಸರೆಂದು ನನಗೆ ತಿಳಿದಿರಲಿಲ್ಲ.' ಮಾಲು ಹೇಗೆ ಒಣಗಿತು ಎಂಬುದಕ್ಕೆ ಅಚ್ಚಾದ ನಮೂನೆಯಲ್ಲಿ ಖಾನೆ ಇರಲಿಲ್ಲ.

ಕುಂಡ ಠಾಣೆಯ ಹಿಂಬಾಗಿಲ ನೆರಳಿನಲ್ಲಿ ಉಳಿಯಿತು. ಮಹಜರ್ ಮಾವ ಹಾಜರಿ ಹಾಕುವ ಮುಂಚೆ ಅದಕ್ಕೆ ನೀರು ಹಾಕುತ್ತಿದ್ದ. ಪಕ್ಕದಲ್ಲಿ ಸಿಗರೇಟು ಸೇದಲು ನಿಂತ ಪೇದೆಗಳನ್ನು ಗದರಿಸಿ ಓಡಿಸುತ್ತಿದ್ದ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಅವನು ಇನ್ಸ್‌ಪೆಕ್ಟರ್ ಕೋಣೆಗೆ ಸೆಲ್ಯೂಟ್ ಹೊಡೆಯುವುದನ್ನೂ ಮರೆತು ನುಗ್ಗಿದ.

"ಮೇಡಂ, ಗುಬ್ಬಿ ಚಿಗುರಿದೆ. ಎರಡು ಎಲೆ. ಡೈರಿಯಲ್ಲೂ ಬರೆದೆ. ಏಳು ಐವತ್ತು."

ಅವಳು ಓಡಿದಂತೆಯೇ ಹೋದಳು. ಕೂತು ನೋಡಿದಳು. ಪುಟ್ಟ ಅಂಗೈಯಂಥ ಎರಡು ಎಲೆಗಳು, ಎಳೆಯವು, ತೊಳೆದಂತಿದ್ದವು. ಟೇಪು ಸುತ್ತಿದ ಗಂಟಿನ ಮೇಲೆ ಕಡ್ಡಿ ಕಪ್ಪಾಗಿ ನಿಂತಿತ್ತು. ಎಲೆ ಬಂದದ್ದು ಗಂಟಿನ ಕೆಳಗೆ. ಬರೀ ಹಸಿರು.

ಹಿಂದೆ ನಿಂತಿದ್ದ ಮಹಜರ್ ಮಾವ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಎಲ್ಲವನ್ನೂ ನೋಡುವವನು, ಬೆಕ್ಕಿನ ಬಣ್ಣ ಬರೆದವನು, ಇದೊಂದನ್ನು ನೋಡಿರಲಿಲ್ಲ. ಅಥವಾ ನೋಡಲು ಮನಸ್ಸು ಬಂದಿರಲಿಲ್ಲ.

"ನೀರು ಜಾಸ್ತಿ ಹಾಕ್ಬೇಡಿ," ಎಂದಳು ಅವಳು.

ಮರುವಾರ ದೋಷಾರೋಪ ಪಟ್ಟಿಯ ಪ್ರತಿ ಕೊಡಲು ಜೈಲಿಗೆ ಹೋಗಬೇಕಾಯಿತು. ಪೇದೆಯನ್ನು ಕಳಿಸಿದ್ದರೆ ಸಾಕಿತ್ತು, ಅವಳೇ ಹೋದಳು. ಭೇಟಿಯ ಕೋಣೆಯಲ್ಲಿ ಒಂದು ಮೇಜು, ಎರಡು ಸ್ಟೂಲು. ಕಸಿಯಮ್ಮ ಇನ್ನಷ್ಟು ಸಣ್ಣಗಾಗಿದ್ದಳು. ಹೆಬ್ಬೆರಳಿನ ಗಟ್ಟಿ ಚರ್ಮ ಸುಲಿಯಲು ಶುರುವಾಗಿತ್ತು. ಕಾಗದದ ಕಟ್ಟನ್ನು ತೆಗೆದುಕೊಂಡಳು, ತಿರುವಿ ನೋಡಲಿಲ್ಲ.

"ಚಿಗುರಿತಾ ಅಮ್ಮ?"

ಇನ್ಸ್‌ಪೆಕ್ಟರ್ ದಾರಿಯುದ್ದಕ್ಕೂ ಈ ಪ್ರಶ್ನೆಗೆ ಉತ್ತರ ಹೊಂದಿಸಿಕೊಂಡು ಬಂದಿದ್ದಳು.

"ಚಿಗುರಿದೆ. ಎರಡು ಎಲೆ."

ಕಸಿಯಮ್ಮನ ಮುಖದಲ್ಲಿ ಏನೋ ಎದ್ದು ಬರತೊಡಗಿತು. ಆಮೇಲೆ, ಇಪ್ಪತ್ತೆರಡು ವರ್ಷದ ಅಭ್ಯಾಸ, ಅವಳು ಕೇಳಿಯೇ ಬಿಟ್ಟಳು:

"ಗಂಟಿನ ಮೇಲೋ, ಕೆಳಗೋ?"

ಕೋರ್ಟಿನಲ್ಲಿ ಎಂಥೆಂಥ ವಕೀಲರ ಪಾಟೀಸವಾಲಿಗೂ ಎದುರು ನಿಂತು ಉತ್ತರ ಕೊಟ್ಟವಳು ಇನ್ಸ್‌ಪೆಕ್ಟರ್. ಅವಳು ಮೇಜಿನ ಮೇಲಿದ್ದ ಸ್ವೀಕೃತಿ ಪತ್ರವನ್ನು ಸರಿಮಾಡಿದಳು. ಪೆನ್ನಿನ ಮುಚ್ಚಳ ತೆಗೆದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತಾಗಿತ್ತು.

ಕಸಿಯಮ್ಮ ಪೆನ್ನಿಗೆ ಕೈ ಚಾಚಿದಳು.

"ಎಲ್ಲಿ ಸಹಿ ಹಾಕಬೇಕು, ತೋರಿಸಿ."

ಇನ್ಸ್‌ಪೆಕ್ಟರ್ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟಳು.